ಹಾಡನ್ನು ಅದರ ಪಾಡಿಗೆ ಬಿಟ್ಟ ಓಸ್ಕರ್ ಕೋಲ್ಬೆರ್ಗ್

ಒಂದು ಪತ್ರದಿಂದ ಶುರು ಮಾಡುತ್ತೇನೆ.

1847ರ ಏಪ್ರಿಲ್ ತಿಂಗಳು. ಪೋಲೆಂಡಿನ ಹೆಸರಾಂತ ಸಂಗೀತ ರಚನಕಾರ ಫ್ರೆಡೆರಿಕ್ ಶೋಪಾನ್ ಪ್ಯಾರಿಸ್‌ನಲ್ಲಿ ಕೂತು ವಾರ್ಸಾದ ಮನೆಯವರಿಗೆ ಉದ್ದನೆಯ ಪತ್ರ ಬರೆಯುತ್ತಿದ್ದಾರೆ. ಊರು ಬಿಟ್ಟು ಹದಿನಾರು ವರ್ಷ ದಾಟಿದೆ. ಮನೆಯ ವಿಚಾರ, ಪರಿಚಯದವರ ವಿಚಾರ ಎಲ್ಲ ಬರೆಯುತ್ತ ನಡುವೆ ಒಂದು ಪುಸ್ತಕದ ಮಾತು ತೆಗೆಯುತ್ತಾರೆ. ಪೋಲೆಂಡಿನ ಹಳ್ಳಿ ಹಾಡುಗಳನ್ನು ಕೂಡಿಸಿ, ಅವಕ್ಕೆ ಪಿಯಾನೊ ಸಾಥ್ ಬರೆದು ಅಚ್ಚು ಹಾಕಿದ ಪುಸ್ತಕ ಅದು. ಮಾಡಿದವರು ಬಾಲ್ಯದಲ್ಲಿ ಪಕ್ಕದ ಮನೆಯಲ್ಲಿದ್ದ ಹುಡುಗ, ಓಸ್ಕರ್ ಕೋಲ್ಬೆರ್ಗ್.

ಶೋಪಾನ್ ಬರೆದದ್ದರ ಸಾರ ಇಷ್ಟು. ಉದ್ದೇಶ ಒಳ್ಳೆಯದು, ಆದರೆ ಈ ಭಾರ ಹೊರುವಷ್ಟು ಹೆಗಲು ಅಗಲವಿಲ್ಲ. ಇಂಥದ್ದನ್ನು ನೋಡಿದಾಗ ಏನೂ ಮಾಡದೆ ಇದ್ದಿದ್ದರೇ ವಾಸಿಯಿತ್ತು ಅನಿಸುತ್ತದೆ. ಮುಂದೆ ಯಾರೋ ಒಬ್ಬ ಪ್ರತಿಭಾವಂತ ಬಂದು ನಿಜ ಯಾವುದು ಅಂತ ಬಿಡಿಸಿ ತೋರಿಸಬೇಕು. ಅಲ್ಲಿಯವರೆಗೆ ಈ ಚೆಂದದ ಹಾಡುಗಳೆಲ್ಲ ಅಂಟಿಸಿದ ಮೂಗು, ಬಳಿದ ಬಣ್ಣ ಹೊತ್ತು, ಕಾಲು ಕತ್ತರಿಸಿಕೊಂಡು ಇಲ್ಲವೇ ಮರಗಾಲು ಕಟ್ಟಿಕೊಂಡು ನಿಂತಿರುತ್ತವೆ. ನೋಡಿದವರು ನಗುತ್ತಾರೆ.

ಎಷ್ಟು ಕಟುವಾದ ಮಾತು, ಅಲ್ವಾ? ಶೋಪಾನ್ ಇದನ್ನು ಬರೆದದ್ದು ಮನೆಯವರಿಗೆ, ಕೋಲ್ಬೆರ್ಗ್ ಅವರಿಗಲ್ಲ. ಆದರೆ ಈ ಪತ್ರ ಬರೆದು ಹತ್ತು ವರ್ಷ ತುಂಬುವಷ್ಟರಲ್ಲಿ ಕೋಲ್ಬೆರ್ಗ್ ಇನ್ನೊಂದು ಪುಸ್ತಕ ತಂದರು. ಅದರಲ್ಲಿ ಅಂಟಿಸಿದ ಮೂಗೂ ಇರಲಿಲ್ಲ, ಮರಗಾಲೂ ಇರಲಿಲ್ಲ. ಈ ಎರಡು ಪುಸ್ತಕಗಳ ನಡುವೆ ಅವರೊಳಗೆ ಏನೋ ಬದಲಾಗಿದೆ. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಮುಖ್ಯವಾಗಿ ಅದನ್ನೇ.

ಮೊದಲು ಮನುಷ್ಯರ ಪರಿಚಯ ಆಗಲಿ. ಕೋಲ್ಬೆರ್ಗ್ ಹುಟ್ಟಿದ್ದು 1814ರ ಫೆಬ್ರವರಿ 22ರಂದು, ಪ್ಶಿಸುಖಾ ಎಂಬ ಸಣ್ಣ ಊರಲ್ಲಿ. ತಂದೆ ಯೂಲಿಯುಶ್ ಕೋಲ್ಬೆರ್ಗ್ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಕಡೆಯಿಂದ ಬಂದ ಎಂಜಿನಿಯರ್. ನೆಲ ಅಳೆಯುವುದು, ನಕ್ಷೆ ಬರೆಯುವುದು ಅವರ ಕೆಲಸ. ತಾಯಿಯ ಮನೆತನದ ಬೇರು ಫ್ರಾನ್ಸಿನಲ್ಲಿತ್ತು. ಅಂದರೆ ಪೋಲೆಂಡಿನ ಹಳ್ಳಿ ಹಾಡುಗಳಿಗಾಗಿ ಜೀವ ತೇದ ಈ ಮನುಷ್ಯರ ಮನೆಗೆ ಪೋಲಿಷ್ ಭಾಷೆ ಬಂದೇ ಜಾಸ್ತಿ ದಿನ ಆಗಿರಲಿಲ್ಲ. ಇದನ್ನು ನೆನಪಿಡಿ. ನನ್ನದು ಅನ್ನುವುದು ಹುಟ್ಟಿನಿಂದಲೇ ಬರಬೇಕಾಗಿಲ್ಲ, ಮನಸ್ಸಿಟ್ಟು ಹಚ್ಚಿಕೊಂಡರೂ ಬರುತ್ತದೆ.

ಓಸ್ಕರ್ ಇನ್ನೂ ಚಿಕ್ಕವರಿದ್ದಾಗಲೇ ತಂದೆಗೆ ವಾರ್ಸಾ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಸಂಸಾರ ವಿಶ್ವವಿದ್ಯಾಲಯದ ಆವರಣಕ್ಕೆ ಬಂತು. ಅದೇ ಆವರಣದಲ್ಲಿ ಫ್ರೆಂಚ್ ಮೇಷ್ಟ್ರು ನಿಕೊಲಾ ಶೋಪಾನ್ ಅವರ ಮನೆಯೂ ಇತ್ತು. ಅವರ ಮಗ ಫ್ರೆಡೆರಿಕ್ ಓಸ್ಕರ್‌ಗಿಂತ ನಾಲ್ಕು ವರ್ಷ ದೊಡ್ಡವನು. ಓಸ್ಕರ್‌ನ ಅಣ್ಣ ವಿಲ್ಹೆಲ್ಮ್‌ಗೂ ಫ್ರೆಡೆರಿಕ್‌ಗೂ ಗಾಢ ಸ್ನೇಹ. 1826ರಲ್ಲಿ ರಜಕ್ಕೆ ಊರು ಬಿಡುವಾಗ ಶೋಪಾನ್ ಈ ವಿಲ್ಹೆಲ್ಮ್‌ಗಾಗಿ ಬೀಳ್ಕೊಡುಗೆಯಾಗಿ ಒಂದು ಪೊಲೊನೇಸ್, ಅಂದರೆ ಪೋಲಿಷ್ ಕುಣಿತವೊಂದರ ಮೇಲೆ ಕಟ್ಟಿದ ಪಿಯಾನೊ ರಚನೆ, ಬರೆದರು. ತಮ್ಮ ಆಂಟೊನಿ ಮುಂದೆ ಚಿತ್ರಕಾರರಾದರು. ಶೋಪಾನ್‌ರ ಕೊನೆಗಾಲದಲ್ಲಿ, 1848ರಲ್ಲಿ, ಅವರ ಭಾವಚಿತ್ರ ಬರೆದದ್ದು ಈ ಆಂಟೊನಿ. ಮೂಲ ಚಿತ್ರ ಎರಡನೇ ಮಹಾಯುದ್ಧದಲ್ಲಿ ನಾಶವಾಯಿತು, ಈಗ ಉಳಿದಿರುವುದು ಅದರ ಫೋಟೊ ಮಾತ್ರ. ಅಣ್ಣನಿಗೆ ಶೋಪಾನ್ ಸ್ನೇಹಿತ, ತಮ್ಮನಿಗೆ ಶೋಪಾನ್ ಚಿತ್ರದ ವಸ್ತು. ನಡುವಿನ ಓಸ್ಕರ್ ಶೋಪಾನ್ ಹಿಡಿದ ದಾರಿಯನ್ನೇ ಹಿಡಿಯಲು ಹೊರಟರು. ಪಿಯಾನೊ ಕಲಿತರು. ಶೋಪಾನ್‌ಗೆ ಕಲಿಸಿದ ಯೂಜೆಫ್ ಎಲ್ಸ್ನರ್ ಅವರ ಹತ್ತಿರವೇ ಸಂಗೀತ ರಚನೆ ಕಲಿತರು. ಆಮೇಲೆ 1835-36ರಲ್ಲಿ ಬರ್ಲಿನ್‌ಗೆ ಹೋಗಿ ಅಲ್ಲೂ ಓದಿದರು.

ಆದರೆ ಸಂಗೀತದಿಂದ ಹೊಟ್ಟೆ ತುಂಬಬೇಕಲ್ಲ. ಆ ಕಾಲದ ಪೋಲೆಂಡ್ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು. ನಿಜ ಹೇಳಬೇಕೆಂದರೆ ಪೋಲೆಂಡ್ ಅನ್ನುವ ದೇಶವೇ ನಕ್ಷೆಯಲ್ಲಿ ಇರಲಿಲ್ಲ. 1795ರ ಹೊತ್ತಿಗೆ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂರೂ ಸೇರಿ ಅದನ್ನು ಹಂಚಿಕೊಂಡು ಮುಗಿಸಿದ್ದವು. ಮತ್ತೆ ಸ್ವತಂತ್ರ ದೇಶವಾದದ್ದು 1918ರಲ್ಲಿ. ಕೋಲ್ಬೆರ್ಗ್ ಹುಟ್ಟಿ, ಬದುಕಿ, ತೀರಿಕೊಂಡದ್ದೆಲ್ಲ ಈ ನಡುಗಾಲದಲ್ಲೇ. ವಾರ್ಸಾ ರಷ್ಯಾದ ಕೈಯಲ್ಲಿತ್ತು. 1830ರಲ್ಲಿ ಜನ ದಂಗೆ ಎದ್ದರು, ಸೋತರು. ಓಸ್ಕರ್ ಓದುತ್ತಿದ್ದ ಶಾಲೆಯೂ ಮುಚ್ಚಿತು, ಅವರಿದ್ದ ಆವರಣದ ವಿಶ್ವವಿದ್ಯಾಲಯವೂ ಮುಚ್ಚಿತು. 1831ರಲ್ಲಿ ತಂದೆ ತೀರಿಕೊಂಡರು. ಹದಿನೇಳರ ಹುಡುಗ ಬ್ಯಾಂಕಿನ ಲೆಕ್ಕ ಬರೆಯಲು ಕೂತ.

ಹೀಗೆ ಲೆಕ್ಕ ಅವರ ಬಾಳಿಗೆ ಅಂಟಿಕೊಂಡಿತು. ವಾರ್ಸಾ-ವಿಯೆನ್ನಾ ರೈಲು ದಾರಿಯ ಮೊದಲ ತುಂಡು 1845ರಲ್ಲಿ ಓಡಾಟಕ್ಕೆ ತೆರೆಯಿತು. ಅದೇ ವರ್ಷ ಕೋಲ್ಬೆರ್ಗ್ ಆ ರೈಲ್ವೆಯಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿ, 1857ರವರೆಗೆ ಅಲ್ಲೇ ಇದ್ದರು. ಹಗಲು ಜಮಾ-ಖರ್ಚು, ಸಂಜೆ ಪಿಯಾನೊ, ಬಿಡುವು ಸಿಕ್ಕಾಗ ಹಳ್ಳಿ. ಅವರ ಹಾಡಿನ ಪುಸ್ತಕಗಳನ್ನು ನೋಡಿದಾಗೆಲ್ಲ ನನಗೆ ಈ ಲೆಕ್ಕದ ಕೈ ಕಾಣುತ್ತದೆ. ಯಾವ ಊರು, ಯಾವ ಹಾಡು, ಎಷ್ಟನೆಯದು, ಹಿಂದಿನದಕ್ಕೂ ಇದಕ್ಕೂ ಏನು ವ್ಯತ್ಯಾಸ, ಎಲ್ಲವೂ ಸಾಲಾಗಿ ಕೂತಿರುತ್ತದೆ. ಒಂದು ಪೈಸೆ ತಪ್ಪಿದರೂ ಸಂಜೆಗೆ ಪುಸ್ತಕ ಮುಚ್ಚಲಾಗದವರ ಶಿಸ್ತು ಅದು.

ಹಳ್ಳಿಯ ತಿರುಗಾಟ ಶುರುವಾದದ್ದು 1839ರಲ್ಲಿ, ವಾರ್ಸಾದ ಸುತ್ತಮುತ್ತಲ ಊರುಗಳಿಂದ. ಸಂಗೀತಗಾರರು, ಕವಿಗಳು, ಚಿತ್ರಕಾರರು ಸೇರಿದ ಒಂದು ಗೆಳೆಯರ ಗುಂಪಿತ್ತು. ಕೆಲವರು ಚಿತ್ರ ಬರೆದುಕೊಂಡರು, ಕೆಲವರು ಕವಿತೆಗೆ ವಸ್ತು ಹುಡುಕಿದರು. ಕೋಲ್ಬೆರ್ಗ್ ಹಾಡುಗಳ ಸ್ವರ ಬರೆದುಕೊಂಡರು. ಆ ಹೊತ್ತಿಗೆ ಅವರ ಆಸೆ ಸಂಗೀತ ರಚನಕಾರನ ಆಸೆಯೇ. ಹಳ್ಳಿ ಮಟ್ಟು ಒಂದು ಕಚ್ಚಾ ಮಾಲು, ಅದನ್ನು ತೊಳೆದು, ಅದಕ್ಕೆ ಪಿಯಾನೊ ಸೇರಿಸಿ, ಪಟ್ಟಣದ ಮನೆಗಳ ಹಜಾರದಲ್ಲಿ ಹಾಡುವ ಹಾಗೆ ಮಾಡಬೇಕು ಅಂತ. 1842ರಿಂದ ಪೊಜ್ನಾನ್‌ನಲ್ಲಿ ಕಂತುಕಂತಾಗಿ ಹೊರಬಂದದ್ದು ಅಂಥ ಸಂಗ್ರಹ. ಶೋಪಾನ್ ಗೊಣಗಿದ್ದು ಅದರ ಬಗ್ಗೆ.

ಪಿಯಾನೊ ಸೇರಿಸಿದರೆ ತಪ್ಪೇನು? ನಿಮ್ಮಲ್ಲಿ ಕೆಲವರ ಮುಖದಲ್ಲಿ ಈ ಪ್ರಶ್ನೆ ಕಾಣುತ್ತಿದೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಎಲ್ಲರೂ ಒಮ್ಮೆ ಕೈ ತಟ್ಟಿ. ಒಂದು-ಎರಡು-ಮೂರು, ಒಂದು-ಎರಡು-ಮೂರು. ಒತ್ತು ಎಲ್ಲಿ ಬಿತ್ತು? ಒಂದರ ಮೇಲೆ. ಇದು ವಾಲ್ಟ್ಸ್ ಎಂಬ ಕುಣಿತದ ಎಣಿಕೆ. ಈಗ ಒತ್ತನ್ನು ಮೂರರ ಮೇಲೆ ಹಾಕಿ. ಒಂದು-ಎರಡು-ಮೂರ್. ಆಮೇಲೆ ಎರಡರ ಮೇಲೆ. ಈಗ ಒಂದು ಸಾಲಿನಲ್ಲಿ ಎರಡರ ಮೇಲೆ, ಮುಂದಿನ ಸಾಲಿನಲ್ಲಿ ಮೂರರ ಮೇಲೆ ಹಾಕಿ. ಕಷ್ಟ ಅಲ್ವಾ? ವಾರ್ಸಾ ಸುತ್ತಲಿನ ಮಜೋವಿಯಾ ಸೀಮೆಯ ಹಳ್ಳಿಯವರಿಗೆ ಇದು ಉಸಿರಾಡಿದಷ್ಟು ಸಲೀಸು. ಮಜುರ್, ಒಬೆರೆಕ್, ಕುಯಾವಿಯಾಕ್ ಅಂತ ಅವರ ಕುಣಿತಗಳಿವೆ. ಒಬೆರೆಕ್ ಗಿರಗಿರ ಸುತ್ತುವ ವೇಗದ್ದು, ಕುಯಾವಿಯಾಕ್ ನಿಧಾನ, ತೂಗಾಡುವಂಥದ್ದು. ಮೂರಕ್ಕೂ ಮೂರೇ ಎಣಿಕೆ. ಆದರೆ ಒತ್ತು ಎಲ್ಲಿ ಬೇಕಾದರೂ ಬೀಳಬಹುದು. ಒಂದು ಎಣಿಕೆ ಹಿಗ್ಗಿ ಇನ್ನೊಂದು ಕುಗ್ಗಲೂಬಹುದು.

ಇಲ್ಲೊಂದು ಪ್ರಸಂಗ ಹೇಳಲೇಬೇಕು. ಚಾರ್ಲ್ಸ್ ಹಾಲೆ ಎಂಬ ಪಿಯಾನೊ ವಾದಕರು ಪ್ಯಾರಿಸ್‌ನಲ್ಲಿ ಶೋಪಾನ್ ಮಜುರ್ಕಾ, ಅಂದರೆ ಈ ಕುಣಿತಗಳ ಮೇಲೆ ಕಟ್ಟಿದ ತಮ್ಮ ಪಿಯಾನೊ ರಚನೆ, ನುಡಿಸುವುದನ್ನು ಕೇಳಿದ್ದರು. ನೀವು ನುಡಿಸುವುದು ಮೂರರ ಎಣಿಕೆಯ ಹಾಗಿಲ್ಲ, ನಾಲ್ಕರ ಎಣಿಕೆಯ ಹಾಗಿದೆ ಎಂದು ಅವರು ಶೋಪಾನ್‌ಗೆ ಹೇಳಿದರು. ಶೋಪಾನ್ ಒಪ್ಪಲಿಲ್ಲ. ಹಾಲೆ ಬಿಡಲಿಲ್ಲ. ಶೋಪಾನ್ ನುಡಿಸುತ್ತಿರುವಾಗಲೇ ಪಕ್ಕದಲ್ಲಿ ಜೋರಾಗಿ ನಾಲ್ಕು ಎಣಿಸಿದರು. ಎಣಿಕೆ ಸರಿಯಾಗಿ ಕೂತಿತು! ಆಗ ಶೋಪಾನ್ ನಕ್ಕು, ಈ ಕುಣಿತದ ನಾಡಗುಣವೇ ಹಾಗೆ ಅಂತ ವಿವರಿಸಿದರಂತೆ. ಹಾಲೆ ಇದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಮೂರಕ್ಕೆ ಕಟ್ಟಿದ ಸಂಗೀತ ನಾಲ್ಕಾಗಿ ಕೇಳುವಷ್ಟು ಹಿಗ್ಗುತ್ತಿತ್ತು ಅಂದರೆ ಯೋಚಿಸಿ.

ಈಗ ಇಂಥ ಹಾಡಿಗೆ ಪಿಯಾನೊ ಸಾಥ್ ಬರೆದರೆ ಏನಾಗುತ್ತದೆ? ಪಿಯಾನೊ ನುಡಿಸುವವರ ಎಡಗೈ ಎಣಿಕೆ ಹಿಡಿದು ಕೂರುತ್ತದೆ. ಹಾಡು ಅದರ ಹಿಂದೆ ನಡೆಯಬೇಕಾಗುತ್ತದೆ. ಮಟ್ಟಿನ ಕಥೆಯೂ ಅಷ್ಟೇ. ಹಳ್ಳಿಯ ಹಳೆಯ ಮಟ್ಟುಗಳು ಪಟ್ಟಣದವರಿಗೆ ಗೊತ್ತಿದ್ದ ಮೇಜರ್, ಮೈನರ್ ಎಂಬ ಎರಡು ಸ್ವರಶ್ರೇಣಿಗಳಲ್ಲಿ ಯಾವುದಕ್ಕೂ ಪೂರ್ತಿ ಸೇರುವುದಿಲ್ಲ. ಪಿಯಾನೊದ ಸ್ವರಗೊಂಚಲು ಅವುಗಳನ್ನು ಯಾವುದೋ ಒಂದರ ಕಡೆಗೆ ಎಳೆದುಬಿಡುತ್ತದೆ. ಹೀಗೆ ಎಳೆಸಿಕೊಂಡ ಹಾಡು ಕೇಳಲು ಹಿತವಾಗಿಯೇ ಇರುತ್ತದೆ. ಆದರೆ ಹಾಡಿದ ಹೆಂಗಸಿಗೆ ಅದನ್ನು ಕೇಳಿಸಿದರೆ ಇದು ನನ್ನ ಹಾಡಲ್ಲ ಅಂದಾಳು.

ಸ್ವಲ್ಪ ಪಕ್ಕಕ್ಕೆ ಹೋಗಿ ನನ್ನ ಅನುಭವ ಒಂದು ಹೇಳಿಬಿಡುತ್ತೇನೆ. ನಮ್ಮಜ್ಜಿ ರಾಗಿ ಬೀಸುವಾಗ ಹಾಡುತ್ತಿದ್ದ ಪದವೊಂದನ್ನು ಒಮ್ಮೆ ಬರೆದುಕೊಳ್ಳಲು ಕೂತೆ. ಒಂದು ಸಲ ಹಾಡಿಸಿದೆ, ಬರೆದೆ. ಸರಿ ನೋಡೋಣ ಅಂತ ಇನ್ನೊಂದು ಸಲ ಹಾಡಿಸಿದರೆ ಮಟ್ಟು ಬೇರೆ, ಎರಡು ಸಾಲು ಬೇರೆ. "ಯಾವುದಜ್ಜಿ ಸರಿ?" ಅಂದೆ. "ಎರಡೂ ಒಂದೇ ಅಲ್ವೇನೋ" ಅಂದಳು. ನಾನು ಆವತ್ತು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹೊಡೆದು ಹಾಕಿದೆ. ಈಗ ಆ ಹೊಡೆದ ಸಾಲುಗಳಿಗಾಗಿ ಮನಸ್ಸು ಮರುಗುತ್ತದೆ. ಅಜ್ಜಿ ಇಲ್ಲ.

ಕೋಲ್ಬೆರ್ಗ್ ಹೊಡೆದು ಹಾಕಲಿಲ್ಲ. 1857ರ ಪುಸ್ತಕಕ್ಕೆ ಈಗ ಬರೋಣ. ಹೆಸರು ಸರಳ, 'ಪೋಲಿಷ್ ಜನರ ಹಾಡುಗಳು'. ಪುಟ ತೆರೆದರೆ ಪಿಯಾನೊ ಇಲ್ಲ. ಒಂದೇ ಒಂದು ಸಾಲು ಸ್ವರ, ಕೆಳಗೆ ಹಾಡಿನ ಮಾತು, ಯಾವ ಊರಿನದು ಎಂಬ ಗುರುತು. ಅಷ್ಟೇ. ಕಥನ ಗೀತೆಗಳು 41. ಕುಣಿತದ ಮಟ್ಟುಗಳು 466. ಜನರ ಬಾಯಲ್ಲಿ ಇರುವ ಹಾಗೆಯೇ, ಏನೂ ಸೇರಿಸದೆ, ಏನೂ ತಿದ್ದದೆ ಕೊಡುತ್ತೇನೆ ಎಂಬುದು ಈ ಸಲ ಅವರ ಪಟ್ಟು.

41 ಅಂದರೆ ಕಡಿಮೆ ಆಯಿತಲ್ಲ ಅನಿಸಬಹುದು. ಆದರೆ ಒಂದೊಂದು ಹಾಡಿಗೂ ಪಾಠಾಂತರಗಳ ಮೇಲೆ ಪಾಠಾಂತರ ಇವೆ. ಕೆಲವಕ್ಕೆ ಹತ್ತಾರು. ಒಂದೇ ಕಥೆ, ಈ ಊರಲ್ಲಿ ಹೀಗೆ, ಆ ಊರಲ್ಲಿ ಹಾಗೆ. ಓದುವವರಿಗೆ ಬೇಸರ ಬಂದೀತು ಅಂತ ಅವರು ಹೆದರಲಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಹೆಂಡತಿ ಗಂಡನನ್ನು ಕೊಂದ ಕಥೆ. ಪೋಲೆಂಡಿನಲ್ಲಿ ಬಹಳ ಹೆಸರಾದ ಹಾಡು ಇದು. ನಮ್ಮೂರಲ್ಲೊಂದು ಸುದ್ದಿ ಆಯಿತು, ಯಜಮಾನಿ ಯಜಮಾನನನ್ನು ಕೊಂದಳು ಅಂತ ಶುರುವಾಗುತ್ತದೆ. ಪೀಠಿಕೆ ಇಲ್ಲ, ಕಾರಣ ಇಲ್ಲ. ಕೊಂದು ತೋಟದಲ್ಲಿ ಹೂಳುತ್ತಾಳೆ. ಹೂತ ಜಾಗದ ಮೇಲೆ ಗಿಡ ಬೆಳೆಸುತ್ತಾಳೆ. ಅವನು ಎಷ್ಟು ಆಳದಲ್ಲಿ ಮಲಗಿದ್ದಾನೋ ನೀನು ಅಷ್ಟು ಎತ್ತರಕ್ಕೆ ಬೆಳಿ ಅಂತ ಗಿಡಕ್ಕೆ ಹೇಳುತ್ತಾಳೆ. ಆಮೇಲೆ ದೂರದಲ್ಲಿ ಕುದುರೆ ಸವಾರರು ಕಾಣುತ್ತಾರೆ. ಗಂಡನ ಅಣ್ಣತಮ್ಮಂದಿರು! ಕವಿ ಆಡಮ್ ಮಿಟ್ಸ್‌ಕಿಯೆವಿಚ್ ಇದೇ ಕಥೆ ಹಿಡಿದು ತಮ್ಮ 'ಲಿಲ್ಲಿ ಹೂಗಳು' ಎಂಬ ಕವಿತೆ ಬರೆದರು. 1822ರಲ್ಲಿ ಅಚ್ಚಾದ ಆ ಕವಿತೆಯಿಂದ ಓದು ಬಲ್ಲವರಿಗೆಲ್ಲ ಈ ಕಥೆ ಗೊತ್ತಾಯಿತು. ಕವಿತೆ ಅದ್ಭುತವಾಗಿದೆ, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಕವಿತೆಯಲ್ಲಿ ಬೆಳೆಯುವುದು ಲಿಲ್ಲಿ ಒಂದೇ. ಹಳ್ಳಿಯವರ ಬಾಯಲ್ಲಿ ಒಂದು ಕಡೆ ಲಿಲ್ಲಿ ಬೆಳೆದರೆ ಇನ್ನೊಂದು ಕಡೆ ನಾಗದಾಳಿ ಸೊಪ್ಪಿನ ಗಿಡ ಬೆಳೆಯುತ್ತದೆ. ಕನ್ಯೆಯರ ತಲೆಯ ಮಾಲೆಗೆ ಅವರು ಕಟ್ಟುವ ಸೊಪ್ಪು ಅದು. ಮದುವೆಯ ಸೊಪ್ಪು ಗಂಡನ ಗೋರಿಯ ಮೇಲೆ ಬೆಳೆಯಿತು ಅಂದಾಗ ಆ ಸಾಲು ಎಷ್ಟು ಭಾರ ಆಗುತ್ತದೆ ನೋಡಿ. ಒಂದೇ ಪಾಠ ಇಟ್ಟುಕೊಂಡಿದ್ದರೆ ಇದು ನಮಗೆ ಸಿಗುತ್ತಲೇ ಇರಲಿಲ್ಲ.

ಈ ಪಾಠಾಂತರಗಳ ಬೆಲೆ ಬೇಗ ಗೊತ್ತಾದದ್ದು ಹೊರಗಿನವರಿಗೆ. ಅಮೆರಿಕದ ಹಾರ್ವರ್ಡ್‌ನಲ್ಲಿ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಎಂಬ ವಿದ್ವಾಂಸರು ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಕಥನ ಗೀತೆಗಳನ್ನು ಕೂಡಿಸುತ್ತಿದ್ದರು. ಹುಡುಗಿಯನ್ನು ಪುಸಲಾಯಿಸಿ ಕರೆದುಕೊಂಡು ಹೋಗಿ ಕೊಲ್ಲುವ ಗಂಡಸಿನ ಕಥೆ ಯುರೋಪಿನ ಉದ್ದಗಲಕ್ಕೂ ಇದೆ. ಪೋಲೆಂಡಿನಲ್ಲಿ ಅದು ಕುದುರೆಗೆ ನೀರು ಕುಡಿಸುವ ಯಾಶ್ ಮತ್ತು ನೀರು ಸೇದುವ ಕಾಶಾ ಎಂಬ ಹುಡುಗಿಯ ಹಾಡು. ಚೈಲ್ಡ್ ತಮ್ಮ ಟಿಪ್ಪಣಿಯಲ್ಲಿ ಪೋಲಿಷ್ ಪಾಠಗಳನ್ನು ಹೋಲಿಸಲು ತೆಗೆದದ್ದು ಕೋಲ್ಬೆರ್ಗ್ ಪುಸ್ತಕವನ್ನೇ.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಪಿಯಾನೊ ಬಿಡುವುದು ಅವರಿಗೆ ಸುಲಭದ ಕೆಲಸ ಆಗಿರಲಿಕ್ಕಿಲ್ಲ. ಅವರು ಸಂಗೀತ ರಚನೆ ಕಲಿತವರು. ಕುಯಾವಿಯಾಕ್, ಮಜುರ್, ಹಾಡು ಅಂತ ಸ್ವಂತ ರಚನೆಗಳನ್ನು ಮಾಡುತ್ತಲೇ ಇದ್ದರು. 1859ರಲ್ಲಿ, ಅಂದರೆ ಆ ಬರಿ ಸ್ವರದ ಪುಸ್ತಕ ಬಂದ ಮೇಲೂ, ಅವರ 'ಕುರುಬರ ರಾಜ' ಎಂಬ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ವಾರ್ಸಾ ರಂಗದ ಮೇಲೆ ಬಂತು. ಮಾತು ಬರೆದವರು ಗೆಳೆಯ, ಕವಿ ತಿಯೊಫಿಲ್ ಲೆನಾರ್ಟೊವಿಚ್. ಅದಕ್ಕೆ ಒಂದು ವರ್ಷದ ಹಿಂದೆ ಸಂಗೀತ ರಚನಕಾರ ಮೊನ್ಯುಷ್ಕೊ ಅವರ 'ಹಾಲ್ಕಾ' ಒಪೆರಾ ವಾರ್ಸಾದಲ್ಲಿ ತೆರೆಕಂಡು ಊರಿಗೆ ಊರೇ ಅದರ ಮಾತಾಡುತ್ತಿತ್ತು. ಕೋಲ್ಬೆರ್ಗ್ ಒಪೆರಾ ಅದರ ಎದುರು ನಿಲ್ಲಲಿಲ್ಲ. ಇವತ್ತು ಅದನ್ನು ಕೇಳಿದವರು ತೀರಾ ಕಡಿಮೆ. ಆದರೂ ತಮ್ಮ ಸಂಗೀತದ ಆಸೆಯನ್ನು ಅವರು ಹಳ್ಳಿಯವರ ಹಾಡಿನ ಮೇಲೆ ಮತ್ತೆ ಹೇರಲಿಲ್ಲ. ನನ್ನದು ನನ್ನ ಪುಟದಲ್ಲಿ, ಅವರದು ಅವರ ಪುಟದಲ್ಲಿ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಇದಕ್ಕೆ.

ಜೊತೆಗೆ ಅವರು ಸಂಗೀತದ ಬಗ್ಗೆ ಬರೆಯುತ್ತಲೂ ಇದ್ದರು. 1859ರಿಂದ ವಾರ್ಸಾದಲ್ಲಿ ಓರ್ಗೆಲ್‌ಬ್ರಾಂಡ್ ಪ್ರಕಾಶಕರು 28 ಸಂಪುಟಗಳ ವಿಶ್ವಕೋಶ ತಂದರು. ಅದರಲ್ಲಿ ಸಂಗೀತಗಾರರು, ವಾದ್ಯಗಳು, ಕುಣಿತಗಳ ಬಗ್ಗೆ ಕೋಲ್ಬೆರ್ಗ್ ಬರೆದ ಬರಹಗಳು ಒಂದೆರಡಲ್ಲ, ನೂರಾರು. ದೇಶವೇ ಇಲ್ಲದ ಜನಕ್ಕೆ ಅವರ ಭಾಷೆಯಲ್ಲೇ ಜಗತ್ತಿನ ಸಂಗೀತದ ತಿಳಿವಳಿಕೆ ಕೊಡುವ ಕೆಲಸ ಅದು.

1860ರ ದಶಕದ ಶುರುವಿಗೆ ನೌಕರಿ ಬಿಟ್ಟರು. ಇನ್ನು ಪೂರ್ತಿ ಇದೇ ಕೆಲಸ. ಈ ಹೊತ್ತಿಗೆ ಅವರಿಗೆ ಇನ್ನೊಂದು ವಿಷಯ ಹೊಳೆದಿತ್ತು. ಹಾಡನ್ನು ಮಾತ್ರ ಕಿತ್ತು ತಂದರೆ ಅದು ಬೇರಿಲ್ಲದ ಗಿಡ. ಯಾವಾಗ ಹಾಡುತ್ತಾರೆ, ಯಾರು ಹಾಡುತ್ತಾರೆ, ಆಗ ಏನು ಉಟ್ಟಿರುತ್ತಾರೆ, ಏನು ತಿಂದಿರುತ್ತಾರೆ, ಅದೂ ಬೇಕು. 1865ರಲ್ಲಿ 'ಜನ' ಎಂಬ ಮಾಲೆ ಶುರುವಾಯಿತು. ಪೋಲಿಷ್‌ನಲ್ಲಿ 'ಲುದ್'. ಮೊದಲ ಪ್ರದೇಶ ಸಾಂಡೊಮಿಯೆಶ್ ಸೀಮೆ. ಆಮೇಲೆ ಕುಯಾವಿ, ಕ್ರಾಕೋವ್, ಪೊಜ್ನಾನ್, ಲುಬ್ಲಿನ್, ಕಿಯೆಲ್ತ್ಸೆ, ರಾದೊಮ್. ಒಂದೊಂದು ಸೀಮೆಗೂ ಒಂದು, ಎರಡು, ಕೆಲವಕ್ಕೆ ಏಳರವರೆಗೆ ಸಂಪುಟ. ಊರಿನ ನೆಲ, ಮನೆ, ಬಟ್ಟೆ, ಊಟ, ಬೇಸಾಯ, ವರ್ಷದ ಹಬ್ಬಗಳು, ಮದುವೆ, ಸಾವು, ಹಾಡು, ಕುಣಿತ, ಕಥೆ, ಗಾದೆ, ಒಗಟು, ನಂಬಿಕೆ. ಬದುಕು ಇದ್ದಷ್ಟೂ ಪುಸ್ತಕಕ್ಕೆ ಬಂತು.

ಮದುವೆಯ ಭಾಗಗಳು ನನಗೆ ಎಲ್ಲಕ್ಕಿಂತ ಇಷ್ಟ. ಪೋಲಿಷ್ ಹಳ್ಳಿ ಮದುವೆ ದಿನಗಟ್ಟಲೆ ನಡೆಯುತ್ತಿತ್ತು. ಅದರಲ್ಲಿ ಒಂದು ಗಳಿಗೆ ಇದೆ. ಹುಡುಗಿಯ ಜಡೆ ಬಿಚ್ಚುತ್ತಾರೆ. ಕನ್ಯೆಯ ಮಾಲೆ ತೆಗೆದು ಮದುವೆಯಾದ ಹೆಂಗಸಿನ ಟೋಪಿ ತೊಡಿಸುತ್ತಾರೆ. ಮದುವೆಯಾದ ಹೆಂಗಸರು ಸುತ್ತ ನಿಂತಿರುತ್ತಾರೆ. ಆಗ ಹಾಡುವುದು ಹಾಪ್ಸ್ ಬಳ್ಳಿಯ ಹಾಡು. ಬಿಯರ್‌ಗೆ ಹಾಕುತ್ತಾರಲ್ಲ, ಕಂಬ ಹಿಡಿದು ಹಬ್ಬುವ ಬಳ್ಳಿ, ಅದೇ. ಬಳ್ಳಿಯೇ, ನೀನಿಲ್ಲದೆ ಯಾವ ಮದುವೆಯೂ ಇಲ್ಲ ಎನ್ನುತ್ತದೆ ಹಾಡು. ಇದರ ಮಟ್ಟು ಪೋಲಿಷ್ ಮಟ್ಟುಗಳಲ್ಲೇ ತೀರಾ ಹಳೆಯದು ಎಂದು ಸಂಗೀತ ಬಲ್ಲವರು ಹೇಳುತ್ತಾರೆ. ಕೋಲ್ಬೆರ್ಗ್ ಹೋದ ಸೀಮೆಯಲ್ಲೆಲ್ಲ ಈ ಹಾಡು ಸಿಕ್ಕಿತು. ಸಿಕ್ಕ ಕಡೆಯಲ್ಲೆಲ್ಲ ಮತ್ತೆ ಬರೆದುಕೊಂಡರು. ಹೋದ ಸಂಪುಟದಲ್ಲೇ ಇದೆ, ಮತ್ತೆ ಯಾಕೆ ಅನ್ನಲಿಲ್ಲ. ಹಾಗಾಗಿಯೇ ಇವತ್ತು ಒಂದೇ ಹಾಡು ನಾಡಿನ ಈ ತುದಿಯಿಂದ ಆ ತುದಿಗೆ ಹೋಗುವಾಗ ಹೇಗೆ ಮೈ ಬದಲಿಸುತ್ತದೆ ಅಂತ ಹೆಜ್ಜೆ ಹೆಜ್ಜೆಗೂ ನೋಡಬಹುದು.

ಆ ಮೂರು ಸಾಮ್ರಾಜ್ಯಗಳನ್ನು ನೆನಪಿಸಿಕೊಳ್ಳಿ. ವಾರ್ಸಾ ರಷ್ಯಾದಲ್ಲಿ, ಪೊಜ್ನಾನ್ ಪ್ರಷ್ಯಾದಲ್ಲಿ, ಕ್ರಾಕೋವ್ ಆಸ್ಟ್ರಿಯಾದಲ್ಲಿ. ಗಡಿ ದಾಟಿ ದಾಟಿ ಓಡಾಡಬೇಕಿತ್ತು. ಪುಸ್ತಕಗಳ ಕಪಾಟಿನಲ್ಲಿ ಮಾತ್ರ ಈ ಸೀಮೆಗಳೆಲ್ಲ ಒಂದರ ಪಕ್ಕ ಒಂದು ಬಂದು ನಿಂತವು. ಕೋಲ್ಬೆರ್ಗ್ ಘೋಷಣೆ ಕೂಗುವ ಜಾತಿಯವರಲ್ಲ. ಆದರೆ ಆ ಕಪಾಟು ನೋಡಿದ ಪೋಲಿಷ್ ಓದುಗರಿಗೆ ಏನನಿಸಿರಬಹುದು ಅಂತ ನೀವೇ ಊಹಿಸಿ.

ಅವರು ಪೋಲಿಷ್ ಮಾತಾಡುವವರಷ್ಟಕ್ಕೇ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಕಾರ್ಪೇಥಿಯನ್ ಬೆಟ್ಟಗಳ ತಪ್ಪಲಿನ ಪೊಕುತ್ಯ ಸೀಮೆಗೆ ಹೋದರು. ಇವತ್ತು ಅದು ಉಕ್ರೇನ್‌ನಲ್ಲಿದೆ. ಅಲ್ಲಿನ ಉಕ್ರೇನಿ ಹಳ್ಳಿಗರ ಹಾಡುಗಳನ್ನು ಅವರ ಭಾಷೆಯಲ್ಲೇ ಬರೆದುಕೊಂಡು ನಾಲ್ಕು ಸಂಪುಟ ಮಾಡಿದರು. 1880ರಲ್ಲಿ ಕೊಲೊಮಿಯ ಪಟ್ಟಣದಲ್ಲಿ ಆ ಸೀಮೆಯ ಬಟ್ಟೆ, ಪಾತ್ರೆ, ಕುಸುರಿ ಕೆಲಸಗಳ ದೊಡ್ಡ ಪ್ರದರ್ಶನ ಏರ್ಪಾಡಾಯಿತು. ಅದನ್ನು ಸಜ್ಜು ಮಾಡಿದವರಲ್ಲಿ ಕೋಲ್ಬೆರ್ಗ್ ಕೂಡ ಇದ್ದರು. ನೋಡಲು ಚಕ್ರವರ್ತಿ ಫ್ರಾನ್ಜ್ ಜೋಸೆಫ್ ಬಂದಿದ್ದರು.

ಮದುವೆ ಆಗಲಿಲ್ಲ. 1871ರಿಂದ ಕ್ರಾಕೋವ್ ಹತ್ತಿರದ ಹಳ್ಳಿಗಳಲ್ಲಿ, ಮೊದ್ಲ್‌ನಿತ್ಸ ಮತ್ತು ಮ್ನಿಕೂವ್ ಎಂಬಲ್ಲಿ, ಕೊನೊಪ್ಕಾ ಮನೆತನದ ಗೆಳೆಯರ ಜೊತೆ ಇದ್ದರು. ಕ್ರಾಕೋವ್‌ನ ವಿದ್ವತ್ ಅಕಾಡೆಮಿ ಅಚ್ಚಿನ ಖರ್ಚಿಗೆ ಒಂದಿಷ್ಟು ನೆರವಾಯಿತು. ಸಾಲದ್ದಕ್ಕೆ ಕೈಯಿಂದ ಹಾಕಿದರು. 1884ರಲ್ಲಿ ಕ್ರಾಕೋವ್ ಪಟ್ಟಣಕ್ಕೆ ಬಂದರು.

ಈಗ ಅವರ ಕೆಲಸದ ಕೊರತೆ. ಇದನ್ನು ಮುಚ್ಚಿಟ್ಟರೆ ಅವರಿಗೇ ಅಪಚಾರ. ಕೋಲ್ಬೆರ್ಗ್ ಊರಿನ ಹೆಸರು ತಪ್ಪದೆ ಬರೆದರು, ಹಾಡಿದವರ ಹೆಸರನ್ನು ಮಾತ್ರ ಬಹಳ ಅಪರೂಪಕ್ಕೆ ಬರೆದರು. ಸಾವಿರಾರು ಹಾಡು, ಹಾಡಿದ ಆ ಬಾಯಿಗಳು ಯಾರವು? ಗೊತ್ತಾಗುವುದಿಲ್ಲ. ಆ ಕಾಲದವರ ಕಣ್ಣಿಗೆ ಹಾಡು 'ಜನ'ದ್ದು, ಒಬ್ಬಳದ್ದಲ್ಲ. ಇನ್ನೊಂದು, ಅವರು ಹಳ್ಳಿಗೆ ಹೋದಾಗ ಇಳಿದುಕೊಳ್ಳುತ್ತಿದ್ದದ್ದು ಹೆಚ್ಚಾಗಿ ಜಮೀನ್ದಾರರ ಬಂಗಲೆಯಲ್ಲಿ. ಹಾಡುವವರನ್ನು ಅಲ್ಲಿಗೆ ಕರೆಸುತ್ತಿದ್ದರು. ರಷ್ಯಾದ ಕೈಯಲ್ಲಿದ್ದ ಭಾಗದಲ್ಲಿ ರೈತರಿಗೆ ಜಮೀನ್ದಾರರ ಬಿಟ್ಟಿ ಚಾಕರಿಯಿಂದ ಬಿಡುಗಡೆ ಆದದ್ದೇ 1864ರಲ್ಲಿ. ಒಡೆಯನ ಮನೆ ಜಗುಲಿಯಲ್ಲಿ ನಿಂತು ಹಾಡು ಅಂದರೆ ರೈತ ಹೆಂಗಸು ಎಲ್ಲ ಹಾಡನ್ನೂ ಹಾಡಿರುತ್ತಾಳಾ? ಒಡೆಯನನ್ನು ಬೈಯುವ ಹಾಡು ಹಾಡಿರುತ್ತಾಳಾ? ಈ ಪ್ರಶ್ನೆ ಕೇಳಿಕೊಂಡೇ ಅವರ ಸಂಪುಟಗಳನ್ನು ಓದಬೇಕು.

ಇನ್ನು, ಎಲ್ಲವನ್ನೂ ಬರೆದದ್ದು ಕಿವಿಯಿಂದ. ಕೈಯಲ್ಲಿ ಕಾಗದ, ಪೆನ್ಸಿಲ್ ಬಿಟ್ಟರೆ ಬೇರೆ ಸಾಧನ ಇರಲಿಲ್ಲ. ಆಗಲೇ ನೋಡಿದೆವಲ್ಲ, ಮೂರು ನಾಲ್ಕಾಗಿ ಹಿಗ್ಗುವ ತಾಳ. ಅದನ್ನು ಕಾಗದದ ಮೇಲೆ ಹಿಡಿಯುವುದು ಹೇಗೆ? ಬರೆದ ಸ್ವರದಲ್ಲಿ ಹಾಡಿನ ಎಲುಬು ಉಳಿಯಿತು, ಹಾಡಿದ ದನಿ ಉಳಿಯಲಿಲ್ಲ. 1890ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಜೆಸ್ಸಿ ಫ್ಯೂಕ್ಸ್ ಎಂಬುವರು ಎಡಿಸನ್ನರ ಫೋನೊಗ್ರಾಫ್ ಹೊತ್ತುಕೊಂಡು ಹೋಗಿ ಅಲ್ಲಿನ ಮೂಲನಿವಾಸಿಗಳ ಹಾಡುಗಳನ್ನು ಮೇಣದ ಉರುಳೆಯ ಮೇಲೆ ಹಿಡಿದರು. ಜಾನಪದ ಹಾಡನ್ನು ಯಂತ್ರದಲ್ಲಿ ಹಿಡಿಯುವ ಕ್ಷೇತ್ರಕಾರ್ಯ ಶುರುವಾದದ್ದು ಅಲ್ಲಿಂದ. ಅದೇ ವರ್ಷ ಜೂನ್ 3ರಂದು ಕೋಲ್ಬೆರ್ಗ್ ಕ್ರಾಕೋವ್‌ನಲ್ಲಿ ತೀರಿಕೊಂಡರು. ನಡುವೆ ಮೂರು ತಿಂಗಳೂ ಇಲ್ಲ.

ಅದಕ್ಕೆ ಒಂದು ವರ್ಷ ಮುಂಚೆ, 1889ರಲ್ಲಿ, ಅವರ ಐವತ್ತು ವರ್ಷದ ದುಡಿಮೆಗೆ ಕ್ರಾಕೋವ್‌ನಲ್ಲಿ ಸನ್ಮಾನ ನಡೆದಿತ್ತು. ಅಷ್ಟರಲ್ಲಿ ಮೂವತ್ತರ ಮೇಲೆ ಸಂಪುಟಗಳು ಅಚ್ಚಾಗಿದ್ದವು. ಅದಕ್ಕಿಂತ ಹೆಚ್ಚು ಸಾಮಗ್ರಿ ಕೈಬರಹದಲ್ಲೇ ಗಂಟು ಗಂಟಾಗಿ ಉಳಿದಿತ್ತು. ಗೆಳೆಯ, ವೈದ್ಯ ಇಜಿದೊರ್ ಕೊಪೆರ್ನಿತ್ಸ್‌ಕಿ ಕೆಲವನ್ನು ಅಚ್ಚಿಗೆ ಸಿದ್ಧ ಮಾಡುತ್ತ ಮಾಡುತ್ತ ಅವರೂ ಹೋದರು. ಆಮೇಲೆ ದಶಕಗಳು ಕಳೆದವು. ಎರಡು ಮಹಾಯುದ್ಧ ಆ ನೆಲದ ಮೇಲೆ ಹರಿದು ಹೋದವು. 1961ರಲ್ಲಿ ಸಮಗ್ರ ಕೃತಿಗಳ ಪ್ರಕಟಣೆ ಶುರುವಾಯಿತು. ಈಗ ಸಂಪುಟಗಳು ಎಂಬತ್ತು ದಾಟಿವೆ. ಪೊಜ್ನಾನ್‌ನಲ್ಲಿ ಅವರ ಹೆಸರಿನ ಸಂಸ್ಥೆ ಇದೇ ಕೆಲಸಕ್ಕೆ ಇದೆ. ಹಾಡುಗಳ ಲೆಕ್ಕವೇ ಹತ್ತು ಸಾವಿರ ಮೀರುತ್ತದೆ. 2014ರಲ್ಲಿ ಅವರು ಹುಟ್ಟಿ ಇನ್ನೂರು ವರ್ಷ ಆದಾಗ ಪೋಲೆಂಡಿನ ಸಂಸತ್ತು ಆ ವರ್ಷವನ್ನು ಕೋಲ್ಬೆರ್ಗ್ ವರ್ಷ ಎಂದು ಸಾರಿತು. ಇವತ್ತು ವಾರ್ಸಾದಲ್ಲಿ ಹಳೆಯ ಕುಣಿತ ಕಲಿಯುವ ಯುವಕ ಯುವತಿಯರಿದ್ದಾರೆ. ತಮ್ಮ ಅಜ್ಜಿಯ ಊರಿನ ಮಟ್ಟು ಹುಡುಕಲು ಅವರು ಈ ಸಂಪುಟಗಳನ್ನೇ ತೆರೆಯುತ್ತಾರೆ.

ಕೊನೆಗೆ ಒಂದು ಸಂಗೀತ ಕೇಳಿಸಿ ಮುಗಿಸುತ್ತೇನೆ. ಪೋಲಿಷ್ ಸಂಗೀತ ರಚನಕಾರ ವಿಟೋಲ್ಡ್ ಲುಟೊಸ್ಲಾವ್ಸ್ಕಿ 1950ರಿಂದ 1954ರವರೆಗೆ ಕೂತು ಬರೆದ 'ವಾದ್ಯವೃಂದಕ್ಕಾಗಿ ಕಾನ್ಚೆರ್ಟೊ'. ಇಪ್ಪತ್ತನೇ ಶತಮಾನದ ದೊಡ್ಡ ಕೃತಿಗಳಲ್ಲಿ ಒಂದು. ಇದಕ್ಕೆ ಬೇಕಾದ ಮಟ್ಟುಗಳನ್ನು ಅವರು ಎತ್ತಿಕೊಂಡದ್ದು ಕೋಲ್ಬೆರ್ಗ್‌ರ ಮಜೋವಿಯಾ ಸಂಗ್ರಹದಿಂದ. ಶೋಪಾನ್ ಹೇಳಿದ್ದರಲ್ಲ, ಮುಂದೆ ಯಾರೋ ಪ್ರತಿ‌ಭಾವಂತ ಬರುತ್ತಾನೆ ಅಂತ. ಬಂದವರಿಗೆ ಬೇಕಾದದ್ದು ಬರಿ ಒಂದು ಸಾಲಿನ ಸ್ವರ. ಪಿಯಾನೊ ಅಂಟಿಸಿದ್ದರೆ ಅದನ್ನು ಮೊದಲು ಕಿತ್ತು ಹಾಕಬೇಕಿತ್ತು.

ಮೊದಲು ಕೆಳಗಿನ ದನಿಯ ವಾದ್ಯಗಳು ಒಂದೇ ಸ್ವರವನ್ನು ಬಡಿಯುತ್ತಲೇ ಇರುತ್ತವೆ. ಅದು ಆಚೀಚೆ ಸರಿಯುವುದಿಲ್ಲ. ಅದರ ಮೇಲೆ ಚೆಲ್ಲೊಗಳು, ಅಂದರೆ ದೊಡ್ಡ ಪಿಟೀಲಿನಂಥ ವಾದ್ಯಗಳು, ಒಂದು ಮಟ್ಟು ಎತ್ತಿಕೊಳ್ಳುತ್ತವೆ. ಅದು ವಾರ್ಸಾ ಹತ್ತಿರದ ಯಾವುದೋ ಹಳ್ಳಿಯಲ್ಲಿ ಹೆಸರು ಗೊತ್ತಿಲ್ಲದ ಒಬ್ಬರು ಹಾಡಿದ್ದು, ಲೆಕ್ಕದ ಮನುಷ್ಯರೊಬ್ಬರು ಪೆನ್ಸಿಲಿನಲ್ಲಿ ಬರೆದುಕೊಂಡದ್ದು. ಹಿಂದೆ ಕೂತವರಿಗೂ ಕೇಳಬೇಕು, ಆ ಬಾಗಿಲು ಸ್ವಲ್ಪ ಮುಂದೆ ಮಾಡಿ. ಹಾಕೋಣ.